ಹಿಸೆಯಾಗದ ಕಾವು

ಜೇನುಹುಳುಗಳನ್ನು ನೋಡಿ ಒಗ್ಗಟ್ಟು ಕಲಿಯಿರಿ ಎಂದು ಮಕ್ಕಳ ಮುಂದೆ ಭಾಷಣ ಮಾಡುತ್ತಿದ್ದವರಲ್ಲಿ ನಾನೂ ಒಬ್ಬ. ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಸಾಲದ್ದಕ್ಕೆ ಅಡಿಕೆ ತೋಟದ ದಂಡೆಗೆ ಒಂದು ತುಡುವೆ ಪೆಟ್ಟಿಗೆ ಇಟ್ಟುಕೊಂಡವ. ಮಾತಿಗೆ ತೂಕ ಬರಲು ಅಷ್ಟು ಸಾಕಾಗಿತ್ತು. ರಾಣಿ ಆಳುತ್ತಾಳೆ, ಕೆಲಸಗಾರ ಹುಳುಗಳು ನಿಸ್ವಾರ್ಥವಾಗಿ ದುಡಿಯುತ್ತವೆ, ಯಾರೂ ತಕರಾರು ತೆಗೆಯುವುದಿಲ್ಲ ಎಂದೆಲ್ಲ ಹೇಳುತ್ತಿದ್ದೆ. ಒಟ್ಟಿನಲ್ಲಿ ಹುಳುಗಳಿಗೆ ಒಳ್ಳೆಯ ಬುದ್ಧಿ ಇರುವುದರಿಂದ ಅವು ಕೂಡಿ ಬಾಳುತ್ತವೆ ಎಂಬ ಅರ್ಥ ಬರುತ್ತಿತ್ತು. ತೊಂದರೆ ಏನೆಂದರೆ, ಆ ಭಾಷಣವನ್ನು ಮಕ್ಕಳಿಗಿಂತ ಹೆಚ್ಚು ನಾನೇ ನಂಬಿದ್ದೆ.

ಒಂದು ವರ್ಷ ಹೂವು ಚೆನ್ನಾಗಿತ್ತು. ಮೇ ಕೊನೆಯಲ್ಲಿ ತುಪ್ಪ ತೆಗೆದ ಮೇಲೂ ಪೆಟ್ಟಿಗೆ ತುಂಬ ಹುಳು. ಮಧ್ಯಾಹ್ನ ಕಳೆದರೆ ಬಾಗಿಲಿನ ಆಚೆ ಒಂದಕ್ಕೊಂದು ಜೋತುಬಿದ್ದು ಕೂರುತ್ತಿದ್ದವು. ಜಾಗ ಸಾಲದೆ ಹೊರಗೆ ಬಿದ್ದಿವೆ, ಇವು ಹೆಚ್ಚುವರಿ ಎಂದುಕೊಂಡೆ. ಸೆಖೆಯಲ್ಲಿ ಒಳಗಿನ ಕಾವು ಏರದಿರಲೆಂದು ಹುಳುಗಳು ಹೀಗೆ ಮೈಯನ್ನು ಹೊರಗಿಡುತ್ತವೆ. ಮಳೆ ಹಿಡಿದ ದಿನ ಹೊರಗಿದ್ದ ಅವೇ ಹುಳುಗಳು ಒಳಗೆ ಎರಿಯ ಮೇಲೆ ಒತ್ತಿಕೊಂಡು ಕೂರಬೇಕು. ಆಗ ಅದು ನನಗೆ ಹೊಳೆಯಲಿಲ್ಲ. ಒಂದು ಪೆಟ್ಟಿಗೆಯನ್ನು ಎರಡು ಮಾಡುವ ಆಸೆ ತಲೆಗೆ ಹತ್ತಿತ್ತು.

ನೆರೆಮನೆಯ ಅಜ್ಜ ಐವತ್ತು ವರ್ಷದಿಂದ ಜೇನು ಸಾಕಿದವರು. ನನ್ನ ಖಾಲಿ ಪೆಟ್ಟಿಗೆಯನ್ನು ಕಂಡವರೇ ವಿಷಯ ಊಹಿಸಿದರು. "ಮಾಸ್ತರೆ, ಮಳೆಗೆ ಎದುರಾಗಿ ಪಾಲು ಮಾಡಬೇಡಿ. ದೀಪಾವಳಿ ಕಳೀಲಿ." ಯಾಕೆಂದು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಇದೂ ಒಂದು ಅಮಾವಾಸ್ಯೆ-ಹುಣ್ಣಿಮೆಯ ಲೆಕ್ಕ ಎಂದು ಮನಸ್ಸಿನಲ್ಲೇ ನಕ್ಕೆ.

ನಮ್ಮ ಕಡೆ ಮನೆ ಹಿಸೆಯಾಗುವಾಗ ಪಂಚರು ಕೂತು ಪಾತ್ರೆ-ಪಗಡಗಳನ್ನೂ ಎಣಿಸಿ ಎರಡು ರಾಶಿ ಮಾಡುತ್ತಾರಲ್ಲ, ಹಾಗೇ ಮಾಡಿದೆ. ಎಂಟು ಎರಿಯಲ್ಲಿ ನಾಲ್ಕು ಈಚೆ, ನಾಲ್ಕು ಆಚೆ. ಮೊಟ್ಟೆ, ಹುಳುಮರಿ, ಮುಚ್ಚಿದ ಮರಿ, ಪರಾಗ, ತುಪ್ಪ ಎಲ್ಲವೂ ಎರಡೂ ಕಡೆ ಇರುವಂತೆ ನೋಡಿಕೊಂಡೆ. ಹಳೆಯ ರಾಣಿಯನ್ನು ಹೊಸ ಪೆಟ್ಟಿಗೆಗೆ ಹಾಕಿ ಹತ್ತಾರು ಹೆಜ್ಜೆ ದೂರದಲ್ಲಿಟ್ಟೆ. ಹಳೆಯ ಪೆಟ್ಟಿಗೆ ರಾಣಿಯಿಲ್ಲದೆ ತನ್ನ ಜಾಗದಲ್ಲೇ ಉಳಿಯಿತು. ಅಲ್ಲಿಯ ಹುಳುಗಳು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ ಎಂದು ಓದಿದ್ದೆ. ಓದಿದ್ದು ತಪ್ಪಲ್ಲ.

ಮೊದಲ ಏಟು ಮರುದಿನವೇ ಬಿತ್ತು. ಹೊರಗೆ ಹೋಗಿ ಮೇವು ತರುವ ಹುಳು ತನ್ನ ಗೂಡಿನ ಜಾಗವನ್ನು ನೆನಪಿಟ್ಟಿರುತ್ತದೆ. ರಾಣಿಯ ಪೆಟ್ಟಿಗೆಯಿಂದ ಹಾರಿದ ಮೇವುಗಾರ ಹುಳುಗಳೆಲ್ಲ ಸೀದಾ ಹಳೆಯ ಜಾಗಕ್ಕೆ ಹೋಗಿ ಇಳಿದವು. ರಾಣಿಯ ಬಳಿ ಉಳಿದದ್ದು ಇನ್ನೂ ಹೊರಗೆ ಹಾರದ ಎಳೆಯ ಹುಳುಗಳು ಮಾತ್ರ. ಜೇನಿನಲ್ಲಿ ಕೆಲಸ ಹಂಚಿಕೆಯಾಗುವುದು ಯಾರ ಆಜ್ಞೆಯಿಂದಲೂ ಅಲ್ಲ, ಮೈಯ ವಯಸ್ಸಿನಿಂದ. ಹುಟ್ಟಿದ ಮೊದಲ ವಾರ-ಎರಡು ವಾರ ಹುಳುವಿನ ತಲೆಯೊಳಗಿನ ಗ್ರಂಥಿಗಳು ಉಬ್ಬಿಕೊಂಡು ಮರಿಗಳಿಗೆ ಊಡುವ ರಸವನ್ನು ಸ್ರವಿಸುತ್ತವೆ. ಆಗ ಅದು ದಾದಿ. ವಯಸ್ಸಾದಂತೆ ಆ ಗ್ರಂಥಿಗಳು ಕುಗ್ಗುತ್ತವೆ, ರಕ್ತದಲ್ಲಿ ಬೇರೊಂದು ಹಾರ್ಮೋನು ಏರುತ್ತದೆ, ಹುಳು ಬಾಗಿಲು ದಾಟಿ ಹೂವಿಗೆ ಹೊರಡುತ್ತದೆ. ಅಗತ್ಯ ಬಿದ್ದರೆ ಎಳೆಯವು ಬೇಗ ಹೊರಡಬಲ್ಲವು, ಮುದಿಯವು ಮರಳಿ ದಾದಿಯಾಗಬಲ್ಲವು, ಆದರೆ ಅದಕ್ಕೆ ಮೈ ಬದಲಾಗಬೇಕು, ದಿನಗಳು ಬೇಕು. ಜೂನ್ ತಿಂಗಳ ಮಲೆನಾಡು ಆ ದಿನಗಳನ್ನು ಕೊಡಲಿಲ್ಲ.

ಎರಿ ಎಣಿಸಿ ಹಂಚಬಹುದು. ಕಾವನ್ನು ಹಂಚಲು ಬರುವುದಿಲ್ಲ. ಒಂಟಿ ಜೇನುಹುಳು ತಣ್ಣಗಿನ ರಕ್ತದ ಪ್ರಾಣಿ. ಚಳಿಗೆ ಮರಗಟ್ಟಿ ಬೀಳುತ್ತದೆ. ಇಂಥ ಸಾವಿರಾರು ಹುಳುಗಳು ಕೂಡಿದಾಗ ಮಾತ್ರ ಗೂಡಿನ ನಡುಭಾಗ 34-35 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ, ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬೆಚ್ಚಗೆ. ಹಾರುವ ಸ್ನಾಯುಗಳನ್ನು ರೆಕ್ಕೆಯಿಂದ ಬಿಡಿಸಿಕೊಂಡು, ರೆಕ್ಕೆ ಅಲುಗದಂತೆ ಸ್ನಾಯುವನ್ನಷ್ಟೇ ನಡುಗಿಸಿ ಅವು ಈ ಕಾವು ಹುಟ್ಟಿಸುತ್ತವೆ. ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಯೂರ್ಗನ್ ಟೌಟ್ಸ್ ಮತ್ತು ಸಂಗಡಿಗರು ಶಾಖ ಕಾಣುವ ಕ್ಯಾಮೆರಾ ಹಿಡಿದು ಇದನ್ನು ನೋಡಿದ್ದಾರೆ: ಕೆಲವು ಹುಳುಗಳು ಮುಚ್ಚಿದ ಮರಿಗಳ ನಡುವಿನ ಖಾಲಿ ಕಣದೊಳಗೆ ತಲೆಮುಂದಾಗಿ ತೂರಿ, ಎದೆಯನ್ನು 40 ಡಿಗ್ರಿಗೂ ಮೇಲೆ ಬಿಸಿ ಮಾಡಿ, ಸುತ್ತಲಿನ ಕಣಗಳಿಗೆ ಒಟ್ಟಿಗೆ ಕಾವು ಕೊಡುತ್ತವೆ. ಎರಿಯಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟ ಕಣಗಳನ್ನು ಕಂಡು ರಾಣಿ ಮೊಟ್ಟೆಯಿಡಲು ಮರೆತಿದ್ದಾಳೆ ಎಂದುಕೊಳ್ಳುತ್ತಿದ್ದವನು ನಾನು.

ಮೈ ಚಿಕ್ಕದಾದಷ್ಟೂ ಕಾವು ಬೇಗ ಸೋರುತ್ತದೆ ಎಂಬುದು ನಾನೇ ಕರಿಹಲಗೆಯ ಮೇಲೆ ಬರೆಯುವ ಪಾಠ. ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ದೊಡ್ಡದಾಗುತ್ತದೆ, ಅಷ್ಟೇ ಕಾರಣ. ಜೇನಿನ ವಿಷಯದಲ್ಲಿ ಮೈ ಅಂದರೆ ಹುಳುವಲ್ಲ, ಇಡೀ ಗುಂಪು. ಹೆಜ್ಜೇನನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಬಂಡೆಯ ಅಡಿಗೋ ಎತ್ತರದ ಮರದ ಕೊಂಬೆಗೋ ಬಯಲಲ್ಲೇ ಕಟ್ಟಿದ ಒಂದೇ ಎರಿ, ಗೋಡೆಯಿಲ್ಲ, ಮಾಡಿಲ್ಲ. ಪದರ ಪದರವಾಗಿ ಎರಿಯನ್ನು ಮುಚ್ಚಿ ಕೂತ ಹುಳುಗಳೇ ಗೋಡೆ. ನಾನು ಕುಟುಂಬವನ್ನು ಅರ್ಧ ಮಾಡಿದಾಗ ಅರ್ಧ ಮೈಯ ಪ್ರಾಣಿಯನ್ನು ಮಳೆಗಾಲಕ್ಕೆ ಬಿಟ್ಟಂತಾಯಿತು. ಅದೂ ಸಾಲದೆಂದು, ಮಳೆ ಹೊಳವಾದಾಗಲೆಲ್ಲ ಮುಚ್ಚಳ ತೆಗೆದು, ಒಂದೊಂದೇ ಎರಿ ಎತ್ತಿ, ಆರೋಗ್ಯ ವಿಚಾರಿಸುತ್ತಿದ್ದೆ. ತೆರೆದ ಪ್ರತಿ ಸಲವೂ ಹುಳುಗಳು ತುಪ್ಪ ಉರಿಸಿ ಕೂಡಿಟ್ಟ ಕಾವು ಹಾರಿಹೋಗುತ್ತಿತ್ತು. ಎರಿಯ ಅಂಚಿನ ಮರಿಗಳು ಮೊದಲು ಸತ್ತವು, ಆಮೇಲೆ ಒಳಗಿನವು. ಟೌಟ್ಸ್ ತಂಡ 2003ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ನಾನು ಓದಿದ್ದು ತಡವಾಗಿ: ಕೋಶದ ಹಂತದಲ್ಲಿ 36 ಡಿಗ್ರಿಯಲ್ಲಿ ಬೆಳೆದ ಹುಳುಗಳಿಗೆ ಹೋಲಿಸಿದರೆ 32 ಡಿಗ್ರಿಯಲ್ಲಿ ಬೆಳೆದವು ದಾರಿ ತಿಳಿಸುವ ಕುಣಿತದಲ್ಲೂ ನೆನಪಿನಲ್ಲೂ ಹಿಂದೆ ಬಿದ್ದವು. ಅದು ಯುರೋಪಿನ ಜೇನಿನ ಮೇಲೆ ನಡೆದ ಕೆಲಸ. ನನ್ನ ಪೆಟ್ಟಿಗೆಯಲ್ಲಿ ಬದುಕಿ ಹೊರಬಂದ ಹುಳುಗಳು ಬಾಗಿಲ ಹಲಗೆಯ ಮೇಲೆ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದುದು ಅದನ್ನು ಓದುವಾಗ ಕಣ್ಣಿಗೆ ಕಟ್ಟಿತು.

ಒಂದು ದಿನ ಬೆಳಿಗ್ಗೆ ರಾಣಿಯ ಪೆಟ್ಟಿಗೆಯ ತಳದಲ್ಲಿ ಹುಳುಗಳೆಲ್ಲ ಒಟ್ಟಿಗೆ ಮಂಕಾಗಿ ಬಿದ್ದಿದ್ದವು. ಕೆಲವು ಸತ್ತು ಕೆಲವು ಗಟ್ಟಿಯಾಗಿದ್ದರೆ ರೋಗ ಎನ್ನಬಹುದಿತ್ತು. ಎಲ್ಲವೂ ಒಂದೇ ಸಮ ಸೋತಿದ್ದವು. ಹಸಿವು. ಜೇನುಹುಳುವಿಗೆ ಎರಡು ಹೊಟ್ಟೆ. ಮುಂದಿನದು ತನ್ನ ಸ್ವಂತಕ್ಕಲ್ಲ. ಅಲ್ಲಿ ತುಂಬಿಕೊಂಡ ಮಕರಂದವನ್ನು ಕೇಳಿದ ಹುಳುವಿನ ಬಾಯಿಗೆ ಮರಳಿ ಕೊಡುತ್ತದೆ. 1952ರಲ್ಲಿ ಇಂಗ್ಲೆಂಡಿನಲ್ಲಿ ನಿಕ್ಸನ್ ಮತ್ತು ರಿಬ್ಯಾಂಡ್ಸ್ ಬರೇ ಆರು ಹುಳುಗಳಿಗೆ ವಿಕಿರಣದ ಗುರುತು ಬೆರೆಸಿದ ಸಕ್ಕರೆ ಪಾಕ ಕುಡಿಸಿ ಬಿಟ್ಟಾಗ, ಒಂದು ದಿನ ದಾಟುವಷ್ಟರಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಹುಳುಗಳಿದ್ದ ಕುಟುಂಬದ ಸುಮಾರು ಅರ್ಧದಷ್ಟು ಹುಳುಗಳಲ್ಲಿ ಆ ಗುರುತು ಸಿಕ್ಕಿತು. ಹೀಗಿರುವಲ್ಲಿ ಒಬ್ಬರು ಉಂಡು ಇನ್ನೊಬ್ಬರು ಉಪವಾಸ ಎಂಬುದು ನಡೆಯುವುದಿಲ್ಲ; ತೀರುವಾಗಲೂ ಎಲ್ಲರಿಗೂ ಒಟ್ಟಿಗೇ ತೀರುತ್ತದೆ. ಸಕ್ಕರೆ ಪಾಕವನ್ನು ಉಗುರುಬೆಚ್ಚಗೆ ಮಾಡಿ ಮೈಮೇಲೆ ಚಿಮುಕಿಸಿದೆ. ಕೆಲವು ಎದ್ದವು, ಎದ್ದವು ಇತರರಿಗೆ ಊಡಿದವು. ರಾಣಿಯೂ ಉಳಿದಳು. ಮಕ್ಕಳ ಮುಂದೆ ನಾನು "ಹಂಚಿ ತಿನ್ನುವ ಗುಣ" ಎಂದು ಹೊಗಳುತ್ತಿದ್ದದ್ದು ಇದನ್ನೇ.

ಈ ಹಂಚುವ ಬಾಯಿಯೇ ರೋಗಕ್ಕೂ ದಾರಿ. 1991-92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆಗಳಲ್ಲಿ ಬಹುಪಾಲನ್ನು ಬರಿದು ಮಾಡಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಹರಡಿದ್ದು, ಸತ್ತ ಮರಿಯನ್ನು ಬಾಯಲ್ಲಿ ತೆಗೆದು ಅದೇ ಬಾಯಲ್ಲಿ ಬದುಕಿದ ಮರಿಗೆ ಊಡುವ ದಾದಿಯರಿಂದ. ಅಜ್ಜನ ಪೆಟ್ಟಿಗೆಗಳೆಲ್ಲ ಆಗ ಖಾಲಿಯಾಗಿದ್ದವಂತೆ. ಒಗ್ಗಟ್ಟಿನ ಭಾಷಣದಲ್ಲಿ ಈ ಭಾಗ ಬರುವುದೇ ಇಲ್ಲ.

ಇತ್ತ ರಾಣಿಯಿಲ್ಲದ ಪೆಟ್ಟಿಗೆಯಲ್ಲಿ ಹುಳು ಸಾಕಷ್ಟಿತ್ತು, ಮೇವುಗಾರರೂ ಇದ್ದರು. ಎಳೆಯ ಮರಿಗಳಲ್ಲಿ ಕೆಲವನ್ನು ಆಯ್ದು ಉದ್ದನೆಯ ರಾಣಿಕಣ ಕಟ್ಟಿದ್ದನ್ನು ಕಂಡು ಖುಷಿಪಟ್ಟೆ. ರಾಣಿಯಾಗುವ ಮೊಟ್ಟೆ, ಕೆಲಸಗಾರಳಾಗುವ ಮೊಟ್ಟೆ ಬೇರೆ ಬೇರೆ ಅಲ್ಲ. ಊಡಿದ ರಸದಲ್ಲಿ ಮಾತ್ರ ವ್ಯತ್ಯಾಸ. 15-16 ದಿನದಲ್ಲಿ ರಾಣಿ ಹೊರಬರುತ್ತಾಳೆ. ಬಂದವಳು ಬಿಸಿಲು ಬಿದ್ದ ದಿನ ಎತ್ತರಕ್ಕೆ ಹಾರಿ ಹಲವು ಗಂಡುಹುಳುಗಳನ್ನು ಕೂಡಿ, ಬದುಕಿಗೆಲ್ಲ ಸಾಲುವಷ್ಟು ವೀರ್ಯವನ್ನು ಹೊಟ್ಟೆಯ ಒಂದು ಪುಟ್ಟ ಚೀಲದಲ್ಲಿ ತುಂಬಿಕೊಂಡು ಮರಳಬೇಕು. ನಾಲ್ಕಾರು ವಾರ ಬಿಸಿಲೇ ಬೀಳದ ಕಾಲಕ್ಕೆ ನಾನು ಆ ರಾಣಿಯ ಮದುವೆ ಇಟ್ಟಿದ್ದೆ. ಅವಳು ಹಾರಿ ಮಳೆಗೆ ಸಿಕ್ಕಳೋ, ಹಕ್ಕಿಯ ಬಾಯಿಗೆ ಹೋದಳೋ ತಿಳಿಯಲಿಲ್ಲ. ನಾನು ಹುಡುಕಲೂ ಇಲ್ಲ. ಯಾಕೆಂದರೆ ಎರಿಯಲ್ಲಿ ಮೊಟ್ಟೆಗಳು ಕಂಡವು. ಹೊಸ ರಾಣಿ ಕೆಲಸ ಹಿಡಿದಳು ಎಂದು ಮೊಬೈಲಿನಲ್ಲಿ ಫೋಟೊ ತೆಗೆದು ತರಗತಿಗೆ ಒಯ್ದೆ.

ಎಂಟನೆಯ ತರಗತಿಯ ಒಬ್ಬ ಹುಡುಗಿ ಫೋಟೊ ಹಿಗ್ಗಿಸಿ ನೋಡಿದಳು. "ಸರ್, ಒಂದೊಂದು ಕಣದಲ್ಲಿ ಮೂರು-ನಾಲ್ಕು ಮೊಟ್ಟೆ ಇದಾವಲ್ಲ?"

"ಹೊಸ ರಾಣಿ ನೋಡು, ಹುರುಪು ಜಾಸ್ತಿ" ಅಂದೆ.

"ಗೋಡೆಗೂ ಅಂಟಿಸಿದೆ ಸರ್."

"ಕೂತ್ಕೋ, ಮುಂದಿನವರು ನೋಡಲಿ."

ಆ ಹುಡುಗಿ ಹದಿಮೂರು ವರ್ಷಕ್ಕೆ ಕಂಡದ್ದನ್ನು ನನಗೆ ತೋರಿಸಲು ಅಜ್ಜ ಬರಬೇಕಾಯಿತು. ಅವರು ಎರಿ ಎತ್ತಿ, ಮುಚ್ಚಿದ ಕಣಗಳು ಉಬ್ಬಿಕೊಂಡಿರುವುದನ್ನೂ, ಪ್ರತಿ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುವುದನ್ನೂ ತೋರಿಸಿದರು. "ಇದೆಲ್ಲ ಗಂಡಿನ ಮರಿ ಮಾಸ್ತರೆ. ಇಲ್ಲಿ ರಾಣಿ ಇಲ್ಲ. ಕೆಲಸದ ಹುಳಾನೇ ಮೊಟ್ಟೆ ಇಡ್ತಾ ಇದೆ."

ಆಮೇಲೆ ಕೂತು ಓದಿದೆ. ಕೆಲಸಗಾರ ಹುಳುಗಳೂ ಹೆಣ್ಣೇ. ಅವಕ್ಕೂ ಅಂಡಾಶಯ ಇದೆ. ಅವು ಮೊಟ್ಟೆ ಇಡದಿರುವುದು ತ್ಯಾಗವಲ್ಲ. ರಾಣಿಯ ದವಡೆಯ ಗ್ರಂಥಿಯಿಂದ ಹೊರಡುವ ರಸಾಯನಗಳು, ಮರಿಗಳ ಮೈಯಿಂದ ಹೊರಡುವ ವಾಸನೆ, ಇವೆರಡೂ ಸೇರಿ ಆ ಅಂಡಾಶಯಗಳನ್ನು ಮಲಗಿಸಿಟ್ಟಿರುತ್ತವೆ. ರಾಣಿಯನ್ನು ನೆಕ್ಕಿದ ಹುಳುಗಳು ಅವಳ ರಸಾಯನವನ್ನು ಮೈಯಿಂದ ಮೈಗೆ ದಾಟಿಸುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಕಾಲಿನ್ ಬಟ್ಲರ್ 1950ರ ದಶಕದಲ್ಲಿ ಈ ವಸ್ತುವಿನ ಬೆನ್ನು ಹತ್ತಿದರು. ರಾಣಿ ಹೋಗಿ, ಅವಳ ಕೊನೆಯ ಮರಿಗಳೂ ಬೆಳೆದು ಮುಗಿದರೆ ಮಲಗಿದ್ದ ಅಂಡಾಶಯಗಳು ಏಳುತ್ತವೆ. ತುಡುವೆಯಲ್ಲಿ ಇದು ಯುರೋಪಿನ ಜೇನಿಗಿಂತ ಬೇಗ. ಆದರೆ ಈ ಹುಳುಗಳು ಗಂಡನ್ನು ಕೂಡಲಾರವು. ಕೂಡದೆ ಇಟ್ಟ ಮೊಟ್ಟೆಯಿಂದ ಗಂಡುಹುಳು ಮಾತ್ರ ಹುಟ್ಟುತ್ತದೆ. ಸೈಲೀಷಿಯಾದ ಪಾದ್ರಿ ಯೋಹಾನ್ ಜಿಯೆರ್ಜೋನ್ 1845ರಲ್ಲೇ ಹೀಗೆಂದು ವಾದಿಸಿದ್ದರು. ಗಿಡ್ಡ ಹೊಟ್ಟೆ ಕಣದ ತಳ ಮುಟ್ಟದ್ದರಿಂದ ಮೊಟ್ಟೆ ಗೋಡೆಗೆ ಅಂಟುತ್ತದೆ. ಹಲವರು ಇಡುವುದರಿಂದ ಒಂದೇ ಕಣದಲ್ಲಿ ನಾಲ್ಕು. ನಾನು "ಹುರುಪು" ಎಂದದ್ದು ಒಂದು ಕುಟುಂಬ ಮುಗಿಯುತ್ತಿರುವ ಲಕ್ಷಣವನ್ನು.

ಇದೇ ಓದಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಾಸ ಮಾಡಿದ ಕಣಜ ಎದುರಾಯಿತು. ರೋಪಾಲಿಡಿಯಾ ಮಾರ್ಜಿನೇಟಾ ಅದರ ಹೆಸರು. ಮನೆಯ ಮಾಡಿನ ಅಡಿಗೆಲ್ಲ ಕಾಗದದಂಥ ಗೂಡು ಕಟ್ಟುವಂಥದ್ದು. ಅಲ್ಲಿ ರಾಣಿಗೂ ಕೆಲಸಗಾರಳಿಗೂ ಮೈಕಟ್ಟಿನಲ್ಲಿ ಭೇದವಿಲ್ಲ. ರಾಣಿ ಯಾರನ್ನೂ ಗದರದ ಸಾಧು. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬ ಕೆಲಸಗಾರಳು ವಿಪರೀತ ಜಗಳಗಂಟಿಯಾಗುತ್ತಾಳೆ, ವಾರದೊಳಗೆ ಅವಳ ಅಂಡಾಶಯ ಬೆಳೆಯುತ್ತದೆ, ಬೆಳೆದಂತೆ ಅವಳೂ ಸಾಧುವಾಗುತ್ತಾಳೆ. ಗೂಡು ಮುಂದುವರಿಯುತ್ತದೆ. ಜೇನಿನಲ್ಲಿ ಮೈ ಮರಿಯಾಗಿದ್ದಾಗಲೇ ಎರಡು ದಾರಿ ಹಿಡಿದುಬಿಟ್ಟಿರುತ್ತದೆ. ವಾಪಸ್ ಬರುವ ದಾರಿ ಇಲ್ಲ. ಕಣಜದ ಗೂಡನ್ನು ನನ್ನಂಥವನು ಕೆಡಿಸಿದ್ದರೂ ಅದು ಸುಧಾರಿಸಿಕೊಳ್ಳುತ್ತಿತ್ತೇನೋ.

ಕೂಡಿ ಬಾಳುವ ಪ್ರಾಣಿಗಳನ್ನು ಈಗ ಬುದ್ಧಿಗಿಂತ ಮೈಯೇ ಕೂಡಿಸುತ್ತದೆ ಎಂಬ ಈ ಕಣ್ಣಿನಿಂದಲೇ ನೋಡುತ್ತೇನೆ, ಸ್ವಲ್ಪ ಅತಿಯೇ ಆಯಿತೆನ್ನಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ರಕ್ತ ಹೀರುವ ಬಾವಲಿ ಎರಡು-ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುತ್ತದೆ; ಮೈಯಲ್ಲಿ ಕೂಡಿಡುವ ಅನುಕೂಲವಿಲ್ಲ. ಉಂಡು ಬಂದ ಬಾವಲಿ ಹಸಿದದ್ದಕ್ಕೆ ರಕ್ತ ಕಕ್ಕಿ ಕೊಡುವುದನ್ನು ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ವರದಿ ಮಾಡಿದರು. ಅದೇ ಬಾವಲಿಗೆ ಒಂದು ವಾರ ತಾಳುವ ಕೊಬ್ಬು ಇದ್ದಿದ್ದರೆ ನೆರೆಹೊರೆಗೆ ಹಂಚುವ ಈ ರೂಢಿ ಇರುತ್ತಿತ್ತೇ ಎಂಬ ಅನುಮಾನ ನನಗೆ. ಜಪಾನಿನ ತುಡುವೆ ಜಾತಿಯ ಜೇನುಗಳು ಗೂಡಿಗೆ ನುಗ್ಗಿದ ದೈತ್ಯ ಕಣಜವನ್ನು ನೂರಾರು ಸೇರಿ ಉಂಡೆಗಟ್ಟಿ ಮುಚ್ಚಿ, 46-47 ಡಿಗ್ರಿ ಕಾವಿನಲ್ಲಿ ಬೇಯಿಸುತ್ತವೆ. ಕಣಜ ತಾಳಲಾರದ ಆ ಕಾವನ್ನು ಜೇನು ಒಂದೆರಡು ಡಿಗ್ರಿ ಅಂತರದಲ್ಲಿ ತಾಳುತ್ತದೆ. ಶೌರ್ಯ ಎನ್ನುವುದು ನಮ್ಮ ಮಾತು. ಆ ಒಂದೆರಡು ಡಿಗ್ರಿ ಇಲ್ಲದಿದ್ದರೆ ಅಂಥ ಶೌರ್ಯವೂ ಇಲ್ಲ.

ಮೊಟ್ಟೆಯಿಡುವ ಕೆಲಸಗಾರರ ಪೆಟ್ಟಿಗೆಯನ್ನು ರಾಣಿಯ ಪೆಟ್ಟಿಗೆಗೆ ಮರಳಿ ಸೇರಿಸೋಣವೆಂದರೆ ಅಜ್ಜ ಬಿಡಲಿಲ್ಲ. ಅಂಡಾಶಯ ಎದ್ದ ಹುಳು ರಾಣಿಯನ್ನು ಒಪ್ಪುವುದು ಕಷ್ಟ, ಸೊರಗಿದ ಪೆಟ್ಟಿಗೆಯಲ್ಲಿ ಅವಳನ್ನೇ ಕೊಂದಾವು ಎಂದರು. ಬಿಸಿಲು ಕಂಡ ಒಂದು ಮಧ್ಯಾಹ್ನ ಆ ಹುಳುಗಳನ್ನು ಅವರ ಬಲವಾದ ಪೆಟ್ಟಿಗೆಗಳ ಮುಂದೆ ಕೊಡವಿದೆವು. ಮೇವು ಹೊತ್ತಿದ್ದವಕ್ಕೆ ಒಳಗೆ ಜಾಗ ಸಿಕ್ಕಿತು. ಉಳಿದವು ಹುಲ್ಲಿನಲ್ಲೇ ಮುಗಿದವು. ನನ್ನ ಹಳೆಯ ಪೆಟ್ಟಿಗೆಯ ಎರಿಗಳಿಗೆ ಅಷ್ಟರಲ್ಲಿ ಮೇಣದ ಹುಳು ಬಿದ್ದಿತ್ತು. ಉಳಿದ ರಾಣಿಗೆ ಅಜ್ಜ ಮುಚ್ಚಿದ ಮರಿಗಳಿದ್ದ ಒಂದು ಎರಿಯನ್ನು ತಂದುಕೊಟ್ಟರು. ಹೊಸದಾಗಿ ಹುಟ್ಟುವ ಹುಳುವಿಗೆ ಇನ್ನೂ ಯಾವ ಗೂಡಿನ ವಾಸನೆಯೂ ಅಂಟಿರುವುದಿಲ್ಲ, ಅದಕ್ಕೆ ಯಾರೂ ತಡೆಯುವುದಿಲ್ಲ. ಎರಡು ಎರಿ ಕೊಡಿ ಅಂದೆ. "ಒಂದಕ್ಕೆ ಕಾವು ಕೊಡೋಷ್ಟು ಹುಳ ಇದೆ. ಎರಡು ಕೊಟ್ರೆ ಎರಡೂ ಸಾಯ್ತದೆ. ಇದು ಸಾಲ ಮತ್ತೆ, ಮರೀಬೇಡಿ" ಅಂದರು.

ತರಗತಿಯಲ್ಲಿ ಆ ಹುಡುಗಿಯನ್ನು ಎಬ್ಬಿಸಿ, ನೀನು ಕಂಡದ್ದೇ ಸರಿ, ನಾನು ಹೇಳಿದ್ದು ಸುಳ್ಳು ಎಂದೆ. ಅವಳು ಅದಕ್ಕೆ ಹಿಗ್ಗಲಿಲ್ಲ, "ಹಾಗಾದ್ರೆ ಆ ಗಂಡುಹುಳಕ್ಕೆ ಅಪ್ಪ ಇಲ್ವಾ ಸರ್?" ಎಂದು ಕೇಳಿದಳು. ಇಲ್ಲ, ಅಜ್ಜ ಮಾತ್ರ ಇದ್ದಾನೆ ಎಂದೆ. ಇಡೀ ತರಗತಿ ನಕ್ಕಿತು. ಆ ದಿನ ಒಗ್ಗಟ್ಟಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಮುಂದಿನ ವರ್ಷ ಸಂಕ್ರಾಂತಿ ಕಳೆದು, ತೋಟದ ಸುತ್ತ ಹೂವು ಏಳುವ ಹೊತ್ತಿಗೆ ಉಳಿದ ರಾಣಿಯ ಪೆಟ್ಟಿಗೆ ತಾನಾಗಿಯೇ ಪಾಲಾಯಿತು. ಹುಳುಗಳು ಅದನ್ನು ಹೇಗೆ ಮಾಡುತ್ತವೆಂದು ಈ ಸಲ ಮುಚ್ಚಳ ತೆಗೆಯದೆ ಹೊರಗಿನಿಂದ ನೋಡಿದೆ, ಒಳಗಿನದನ್ನು ಓದಿ ತಿಳಿದೆ. ಒಳಗೆ ರಾಣಿಕಣಗಳು ತಯಾರಾಗುವವರೆಗೂ ಯಾರೂ ಹೊರಡುವುದಿಲ್ಲ. ದಾದಿಯರು ಹಳೆಯ ರಾಣಿಗೆ ಊಡುವುದನ್ನು ಕಡಿಮೆ ಮಾಡಿ, ಅವಳ ಹೊಟ್ಟೆ ಇಳಿಸಿ, ಹಾರಲು ಬರುವಂತೆ ಮಾಡುತ್ತಾರೆ. ಹೊರಡುವವರು ಮುಂದಿನ ಹೊಟ್ಟೆಯ ತುಂಬ ತುಪ್ಪ ಕುಡಿದಿರುತ್ತಾರೆ. ಉಳಿದವರಿಗೆ ಕಟ್ಟಿದ ಎರಿ, ಮುಚ್ಚಿದ ಮರಿ, ಹುಟ್ಟಲಿರುವ ರಾಣಿ, ಹೊರಗೆ ಹಾರಾಡುವ ಗಂಡುಹುಳುಗಳು, ಬಿಸಿಲು. ಹಿಂಡು ಹಲಸಿನ ಕೊಂಬೆಗೆ ಹೋಗಿ ಗೊಂಚಲಾಗಿ ಕೂತಿತು. ಅಲ್ಲಿಂದ ಏಳುವ ಮೊದಲು ಗೊಂಚಲಿನ ಹೊರಪದರದ ಹುಳುಗಳೂ ಸ್ನಾಯು ನಡುಗಿಸಿ ಎದೆಯನ್ನು ಸುಮಾರು 35 ಡಿಗ್ರಿಗೆ ತಂದುಕೊಳ್ಳುತ್ತವೆ. ಎಲ್ಲರ ಎದೆ ಬೆಚ್ಚಗಾದ ಮೇಲೇ ಹಿಂಡು ಏಳುವುದು.

ನಾನು ಪೆಟ್ಟಿಗೆ ತರಲು ಮನೆಗೆ ಓಡಿದೆ. ಮರಳುವಷ್ಟರಲ್ಲಿ ಕೊಂಬೆ ಖಾಲಿ. ಬೇಲಿಯಾಚೆ ಅಜ್ಜನ ಅಂಗಳದಲ್ಲಿ ಗುಂಯ್ ಎಂಬ ಸದ್ದು. ಹಿಂಡು ಅವರ ಖಾಲಿ ಪೆಟ್ಟಿಗೆಯೊಂದನ್ನು ಹೊಗುತ್ತಿತ್ತು. ಅವರು ಕಟ್ಟೆಯ ಮೇಲೆ ಕೂತು ಕವಳ ಹಾಕುತ್ತಿದ್ದರು.

"ಸಾಲ ತೀರಿತು ಮಾಸ್ತರೆ" ಅಂದರು, "ಬಡ್ಡಿ ಸ್ವಲ್ಪ ಜಾಸ್ತಿ ಆಯ್ತು."